ಬಾರಿಗಿಡದ ಕೆಳಗೆ ಹಂಪವ್ವನ ಕಾವಲು

ಬೆಳಕು ಇನ್ನೂ ಸರಿಯಾಗಿ ಬಿಟ್ಟಿಲ್ಲ. ಕುಕನೂರು ದಾಟಿದರೆ ಸಿಗುವ ಬಾರಿಹಣ್ಣಿನ, ಅಂದರೆ ಬೋರೆಹಣ್ಣಿನ, ತೋಟದಲ್ಲಿ ಹಂಪವ್ವ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟಿದ್ದಾಳೆ. ಗಾಳಿಯ ಸುಳಿವಿಲ್ಲ. ಆದರೂ ಒಣ ತರಗೆಲೆಯ ಮೇಲೆ ಟಿಕ್, ಟಿಕ್ ಸದ್ದು. ಉದುರಿಬಿದ್ದ ಹಣ್ಣೊಳಗಿಂದ ಬಿಳಿ ಹುಳು ಹೊರಬಂದು, ಬಿಲ್ಲಿನಂತೆ ಬಾಗಿ, ಚಂಗನೆ ಹಾರುತ್ತದೆ. ಮರುಗಳಿಗೆ ಮಣ್ಣೊಳಗೆ ಮಾಯ.

“ಕೇಳಿಸ್ತೇನ್ರಿ? ಇಳ್ಯಾಕ ಹತ್ಯಾವು. ಒಮ್ಮೆ ಇಳಿದ್ವು ಅಂದ್ರ ಮುಗೀತು, ರೆಕ್ಕಿ ಹಚ್ಕೊಂಡ ಮ್ಯಾಲ ಬರ್ತಾವು,” ಎಂದು ತೋಟ ನೋಡಬಂದ ನನಗೆ ಹೇಳುತ್ತ ಆಕೆ ಹಣ್ಣು ಬಾಚಿ ಬುಟ್ಟಿಗೆ ತುಂಬುತ್ತಾಳೆ. ಬದುವಿನ ಮೇಲೆ ಹಂಡೆ ನೀರು ಕುದಿಯುತ್ತಿದೆ. ಬುಟ್ಟಿಯದೆಲ್ಲ ಅದಕ್ಕೇ.

ಇದು 1984ರ ಚಳಿಗಾಲ. ಹಂಪವ್ವ ಈ ತೋಟದ ಕೂಲಿಯೂ ಹೌದು, ಕಾವಲೂ ಹೌದು. ಗಂಡ ತೀರಿಹೋದ ಮೇಲೆ ಇಲ್ಲಿಯ ಗುಡಿಸಲೇ ಮನೆ. ಈ ಹುಳು ಬೆಳೆದು ಆಗುವುದು ಹಣ್ಣುನೊಣ. ಮೊದಲು ಬೇಲಿಯ ಮುಳ್ಳುಬಾರಿಯಲ್ಲಷ್ಟೇ ಇದ್ದ ಆ ನೊಣ, ಮಾಲೀಕ ಕರಿಬಸಪ್ಪ ದಪ್ಪಹಣ್ಣಿನ ಕಸಿಗಿಡ ನೆಟ್ಟದ್ದೇ ತಡ, ಒಳಗೆ ಬಂತು. ಯಲಬುರ್ಗಾ, ಕುಷ್ಟಗಿ ಕಡೆಯ ತೋಟಗಳಿಗೂ ಹಬ್ಬಿದೆಯೆಂದು ಸಂತೆಯಲ್ಲಿ ಮಾತು.

ಮನೆನೊಣವಲ್ಲ ಇದು. ಹಳದಿ ಮೈ, ಗಾಜಿನಂಥ ರೆಕ್ಕೆಯ ಮೇಲೆ ಕಂದುಪಟ್ಟೆಯ ಚಿತ್ತಾರ. ಒಮ್ಮೆ ಎಡರೆಕ್ಕೆ, ಒಮ್ಮೆ ಬಲರೆಕ್ಕೆ ಬಿಚ್ಚುತ್ತ ಅಡ್ಡಡ್ಡ ನಡೆದರೆ ಥೇಟ್ ಜೇಡ. ಹೆಣ್ಣುನೊಣ ಸೂಜಿಮೊನೆಯಷ್ಟು ಚುಚ್ಚಿ, ಮೊಟ್ಟೆಯಿಟ್ಟು ಹೋಗುತ್ತದೆ. ಹೊರಗೆ ಹಣ್ಣು ನಳನಳಿಸುತ್ತಲೇ ಇರುತ್ತದೆ. ಒಳಗೆ ಯಾರೋ ಉಣ್ಣುತ್ತಿರುತ್ತಾರೆ.

ಹೋದ ವರ್ಷ ಸಂಕ್ರಾಂತಿಗೆ ಮಕ್ಕಳ ತಲೆಮೇಲೆ ಎರೆದ ಬಾರಿಹಣ್ಣು ಒಡೆದು, ಹುಳು ಕೂದಲಲ್ಲೆಲ್ಲ ಹರಿದಾಡಿದವು. ತೋಟಕ್ಕೆ ಗಾಳಿ ಸೋಕಿದೆ ಎಂದು ಊರು ಬೆಚ್ಚಿತು. ಕರಿಬಸಪ್ಪ ಗಿಡ ಕಡಿಸಲು ಆಳುಗಳನ್ನು ಕರೆಸಿಯೇಬಿಟ್ಟ. ಗಿಡ ಹೋದರೆ ಗುಡಿಸಲೂ ಹೋದಂತೆ.

“ಯಪ್ಪಾ, ಒಂದ್ ಸುಗ್ಗಿ ತಡೀರಿ,” ಎಂದಳು ಹಂಪವ್ವ.

ತಡೆದ. ಆದರೆ ಉದುರಿದ ಹಣ್ಣೆಲ್ಲ ಬಾಚಿ ಕುದಿಸುವ ಆಕೆಯ ಉಪಾಯಕ್ಕೆ ಪದ್ಧತಿ ಅಡ್ಡ ಬಂತು. ಉದುರಿದ ಬಾರಿ ತೋಟದ ಮೂಲೆಯ ಕಟ್ಟೆಯಲ್ಲಿರುವ ದೇವಿ ಅವ್ವನ ಪಾಲು, ಅದನ್ನು ಯಾರೂ ಮುಟ್ಟುವಂತಿಲ್ಲ. ನೊಣ ಸಂಸಾರ ಹೂಡಿದ್ದೇ ಆ ಪಾಲಿನಲ್ಲಿ. ಹಂಪವ್ವ ಅದನ್ನೇ ಬಾಚತೊಡಗಿದಾಗ ಕರಿಬಸಪ್ಪನ ತಾಯಿ ಗುರುಲಿಂಗಮ್ಮ ಬೇಲಿಯಾಚೆಯಿಂದಲೇ ಕೂಗಾಡಿದಳು.

“ಅವ್ವನ ಪಾಲು ಕುದಸ್ತಿಯಲ್ಲ ಹಂಪಿ, ಕೈ ಬಿದ್ದು ಹೋಗ್ತಾವ ನೋಡು!”

“ಹುಳದ್ದು ಅವ್ವಗ ಬಿಟ್ಟು ಛಲೋದು ನೀವು ತಿಂತೀರಲ್ರಿ ಅಮ್ಮಾರ. ನನ್ನ ಕೈ ಯಾಕ ಬೀಳ್ತಾವ್ರಿ?”

ಗುರುಲಿಂಗಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳೋ, ಬೈದಳೋ, ತಿಳಿಯಲಿಲ್ಲ.

ಈ ಸಂಕ್ರಾಂತಿಯ ಹಿಂದಿನ ದಿನ ಕರಿಬಸಪ್ಪ ಕೊಡಲಿ ಆಳುಗಳ ಜೊತೆಯೇ ಬಂದ. ಗಿಡದಿಂದ ಹಣ್ಣು ಹರಿದು ಒಂದೊಂದನ್ನೇ ಸೀಳಿದ. ಬೆಳ್ಳಗೆ, ಗಟ್ಟಿ. ಮತ್ತೊಂದೂ ಹಾಗೇ. ಆಮೇಲೊಂದರಲ್ಲಿ ಹುಳು ಮಿಸುಕಿತು. ಕರಿಬಸಪ್ಪ ತಾನೇ ಅದನ್ನು ಒಯ್ದು ಹಂಡೆಗೆ ಹಾಕಿ, “ಹುಳ ಕಮ್ಮಿ ಆಗ್ಯಾವು, ಬರೂ ವರ್ಷ ನೋಡೂಣು, ನಡೀರಪಾ,” ಎಂದು ಆಳುಗಳನ್ನು ಕರೆದುಕೊಂಡು ಹೋದ.

ಅವ್ವನ ಕಟ್ಟೆಯ ಮೇಲೀಗ ಗಿಡದಿಂದಲೇ ಹರಿದ ಒಂದು ಬೊಗಸೆ ಹಣ್ಣು. “ಆಕಿ ಏನೂ ಅಂದಿಲ್ರಿ,” ಎಂದು ಹಂಪವ್ವ ನಗುತ್ತಾಳೆ. ಕಳೆ ತೆಗೆಯುವ ಕುರ್ಚಿಗಿಯಿಂದ ನೆಲ ಕೆದರಿ, ಗೋಧಿಕಾಳಿನಂಥ ಕೋಶವೊಂದನ್ನು ಅಂಗೈಗೆ ಹಾಕಿಕೊಳ್ಳುತ್ತಾಳೆ. ಒಳಗೆ ಏನೋ ಹೊರಳುತ್ತದೆ.

“ಇನ್ನೂ ಅದಾವ್ರಿ ಮಣ್ಣಾಗ. ಇರ್ಲಿ, ನಾನೂ ಇಲ್ಲೇ ಅದೀನಿ.”