ಜುಂಜಮ್ಮನ ಕೈಗೆ ಗೊತ್ತಿರುವುದು

ಬೆಳಗಿನ ಐದೂವರೆ. ತಾಳ್ಯ ಹೋಬಳಿಯ ಒಂದು ಗೊಲ್ಲರಹಟ್ಟಿಯ ಕುರಿರೊಪ್ಪದ ಬೇಲಿಯೊಳಗೆ ಜುಂಜಮ್ಮ ಕಣ್ಣು ಮುಚ್ಚಿಕೊಂಡು ಕೂತಿದ್ದಾರೆ. ನಿದ್ದೆಯಲ್ಲ, ಧ್ಯಾನವೂ ಅಲ್ಲ. ಗಬ್ಬದ ಕುರಿಯೊಂದರ ಹೊಟ್ಟೆಯಡಿ ಎರಡೂ ಕೈ ಕೊಟ್ಟು ತುಸು ಎತ್ತಿ ಬಿಡುತ್ತಾರೆ. "ಎಲ್ಡು ಮರಿ ಅವೆ. ಒಂದು ಅಡ್ಡ ಮಲಗೈತೆ," ಎನ್ನುತ್ತಾರೆ. ಕಣ್ಣು ತೆರೆಯದೆಯೇ ಮುಂದಿನ ಕುರಿಯ ಕಿವಿಬುಡ ಹಿಡಿಯುತ್ತಾರೆ. "ಇದಕ್ಕೆ ಜ್ವರ." ಪಕ್ಕದ ಮನೆಯ ಸೊಸೆ ನೇತ್ರಾವತಿ ಥರ್ಮಾಮೀಟರ್ ಇಟ್ಟು ನೋಡುತ್ತಾರೆ. ಜ್ವರವೇ.

ಐವತ್ನಾಲ್ಕು ವರ್ಷದ ಜುಂಜಮ್ಮ ಹನ್ನೊಂದು ವರ್ಷದಿಂದ ಕುರಿ ಸಾಕುವವರ ಸಂಘವೊಂದರ ಆರೋಗ್ಯ ಕಾರ್ಯಕರ್ತೆ. ನಾಲ್ಕು ಹಟ್ಟಿ, ಎರಡು ಸಾವಿರದ ಮುನ್ನೂರು ಕುರಿ. ಈಯುವ ಕಾಲದಲ್ಲಿ ಕುರಿಗಳು ಮೇಯಲು ಹೊರಡುವ ಮೊದಲು ದಿನಕ್ಕೆ ಅರವತ್ತು ಕುರಿಯನ್ನಾದರೂ ಮುಟ್ಟಿ ನೋಡುತ್ತಾರೆ. ಇದೆಲ್ಲ ಈ ತಿಂಗಳ ಕೊನೆಯವರೆಗೆ ಮಾತ್ರ. ಆಮೇಲೆ ಲಸಿಕೆಯ ಪೆಟ್ಟಿಗೆಯನ್ನು ಅವರು ನೇತ್ರಾವತಿಗೆ ಒಪ್ಪಿಸಬೇಕು. ಹೊಸದಾಗಿ ಬಂದ ಲಿಖಿತ ಪರೀಕ್ಷೆಯಲ್ಲಿ ಅವರು ಮೂರು ಸಲ ಫೇಲಾಗಿದ್ದಾರೆ. ನಾಲ್ಕನೆಯ ಅವಕಾಶವಿಲ್ಲ.

ಅವರು ಶಾಲೆಗೆ ಹೋಗಿದ್ದು ಎರಡನೇ ಕ್ಲಾಸಿನವರೆಗೆ. ಕುರಿವಿದ್ಯೆ ಕಲಿಸಿದ್ದು ಅಪ್ಪ ಓಬಳೇಶಪ್ಪ. ಕಂಬಳಿಯ ಅಂಚಿನಿಂದ ಮಗಳ ಕಣ್ಣು ಕಟ್ಟಿ, ಯಾವುದು ಗಬ್ಬ, ಯಾವುದು ಬರಿಹೊಟ್ಟೆ ಎಂದು ಮುಟ್ಟಿ ಹೇಳಿಸುತ್ತಿದ್ದರಂತೆ. ತಪ್ಪಿದರೆ ಬೈಗುಳವಿಲ್ಲ, ಪಾಠವೂ ಇಲ್ಲ. ಕೈ ಹಿಡಿದು ಮತ್ತೆ ಅಲ್ಲೇ ಇಡುವುದು, ಅಷ್ಟೆ. "ನಂಗೆ ಕಿವಿಯಿಂದ ಏನೂ ಒಳಗೆ ಹೋಗಲ್ಲ ಸಾಮಿ. ಕೈಯಿಂದ ಹೋದದ್ದು ಹೊರಗೆ ಬರಲ್ಲ," ಎನ್ನುತ್ತಾರೆ. ತಾನು ಹೇಗೆ ಕಲಿಯುತ್ತೇನೆಂದು ಇಷ್ಟು ಸ್ಪಷ್ಟವಾಗಿ ಬಲ್ಲ ಪದವೀಧರರನ್ನು ನಾನು ಕಂಡಿಲ್ಲ.

ತಮಾಷೆಯೆಂದರೆ, ಹೊಳಲ್ಕೆರೆಯಲ್ಲಿ ನಡೆದ ತರಬೇತಿಯಲ್ಲೂ ಇದನ್ನೇ ಕೇಳಿದ್ದರು. ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಮಾಡಿ ಎಂದು ಬೋರ್ಡಿನ ಮೇಲೆ ಬರೆದು, ನೀವು ಯಾವ ಬಗೆಯವರು ಎಂಬ ಫಾರಂ ಹಂಚಿದರು. ಜುಂಜಮ್ಮ ಪಕ್ಕದವರಿಂದ ಓದಿಸಿಕೊಂಡು 'ಮಾಡಿ ಕಲಿಯುವವರು' ಎಂಬುದಕ್ಕೆ ಗುರುತು ಹಾಕಿದರು. ಮಧ್ಯಾಹ್ನ ಎಲ್ಲರ ಕೈಗೂ ಒಂದೇ ಪ್ರಶ್ನೆಪತ್ರಿಕೆ ಬಂತು. ಮುದ್ದೆಯೋ ರೊಟ್ಟಿಯೋ ಎಂದು ಕೇಳಿ, ಕೊನೆಗೆ ಎಲ್ಲರಿಗೂ ಉಪ್ಪಿಟ್ಟು ಬಡಿಸಿದ ಹಾಗಾಯಿತು.

ಕುರಿಗೆ ಜ್ವರವಿದೆಯೆಂದು ಹೇಗೆ ತಿಳಿಯುವಿರಿ ಎಂಬುದು ಒಂದು ಪ್ರಶ್ನೆ. ಮೂರು ಸಲವೂ ಬಂದಿತ್ತು, ಮೂರು ಸಲವೂ ಜುಂಜಮ್ಮ ಖಾಲಿ ಬಿಟ್ಟರು. "ನಾಕು ಉತ್ರ ಕೊಟ್ಟಿದ್ರು, ನಾಕ್ರಾಗೂ ಕಿವಿಬುಡ ಇರ್ಲಿಲ್ಲ. ಸುಳ್ಳಿಗೆ ಹೆಂಗೆ ಗುರುತು ಹಾಕ್ಲಿ?" ಪಾಸಾಗಲು ನಲವತ್ತಕ್ಕೆ ಇಪ್ಪತ್ತು ಬೇಕು. ಅವರಿಗೆ ಬಂದದ್ದು ಹನ್ನೊಂದು, ಹದಿಮೂರು, ಹದಿನಾಲ್ಕು.

ತರಬೇತಿ ಕೊಟ್ಟ ರಮ್ಯಾ ಕೆಟ್ಟವರಲ್ಲ. ಫೋನಿನಲ್ಲಿ ಅವರ ದನಿ ಸೋತಿತ್ತು. "ಅವರ ಕೈಯನ್ನ ನಾನೂ ನಂಬ್ತೀನಿ ಸರ್. ಆದ್ರೆ ಕೈಗೆ ಮಾರ್ಕ್ಸ್ ಕೊಡೋಕೆ ನನ್ನ ಶೀಟ್‌ನಲ್ಲಿ ಕಾಲಂ ಇಲ್ಲ."

ಪಿಯುಸಿ ಓದಿರುವ ನೇತ್ರಾವತಿ ಒಂದೇ ಸಲಕ್ಕೆ ಮೂವತ್ತಾರು ತೆಗೆದರು. ಜುಂಜಮ್ಮನಿಗೆ ಹೊಟ್ಟೆಕಿಚ್ಚಿಲ್ಲ. ಪೆಟ್ಟಿಗೆಯ ಜೊತೆ ವಿದ್ಯೆಯೂ ಹೋಗಲಿ ಎಂದು ಎರಡು ತಿಂಗಳಿಂದ ದಿನವೂ ಆಕೆಯನ್ನು ರೊಪ್ಪಕ್ಕೆ ಕರೆಯುತ್ತಾರೆ, ಕಣ್ಣು ಕಟ್ಟುತ್ತಾರೆ. ನೇತ್ರಾವತಿಗೆ ಏನೂ ತಿಳಿಯುವುದಿಲ್ಲ. ಅವರಿಗೆ ಅಳತೆ ಬೇಕು, ಬರೆದುಕೊಳ್ಳಲು ಮಾತು ಬೇಕು. "ಎಷ್ಟು ಒತ್ಬೇಕು ಅತ್ತೆ ಅಂದ್ರೆ ಹಿಂಗೆ ಅಂತಾರೆ. ಮರಿ ತಲೆ ಹೆಂಗೆ ಗೊತ್ತಾಗುತ್ತೆ ಅಂದ್ರೂ ಹಿಂಗೆ," ಎಂದು ನೋಟ್‌ಬುಕ್ ತೋರಿಸುತ್ತಾರೆ. ಪುಟ ತುಂಬ ಪ್ರಶ್ನೆಗಳಿವೆ, ಒಂದಕ್ಕೂ ಉತ್ತರವಿಲ್ಲ.

"ನಾನು ಆ ಮೇಡಮ್ಮನ್ನ ಬೈಕಂಡು ತಿರುಗ್ತಿದ್ದೆ," ಎನ್ನುತ್ತಾರೆ ಜುಂಜಮ್ಮ. "ಈಗ ನೋಡಿದ್ರೆ ನಾನೂ ಅದ್ನೇ ಮಾಡಿದೀನಿ. ನಂಗೆ ಹೆಂಗೆ ಬಂತೋ ಹಂಗೇ ಬರ್ಬೇಕು ಅಂತ ಈ ಹುಡ್ಗಿ ಕಣ್ಣು ಕಟ್ದೆ. ನಮ್ಮಪ್ಪ ಕೈಗೆ ಕಲಿಸ್ದ, ಬಾಯಿಗೆ ಕಲಿಸ್ಲಿಲ್ಲ."

ಹೋದ ವಾರ ಜುಂಜಮ್ಮ ಪಕ್ಕದ ಹಟ್ಟಿಗೆ ಹೋಗಿದ್ದಾಗ ಇಲ್ಲಿ ಗೋವಿಂದಪ್ಪನವರ ಕುರಿ ಈಯಲಾರದೆ ಒದ್ದಾಡಿತು. ನೇತ್ರಾವತಿ ಕೈಹಾಕಿದರು. ಎರಡು ಕಾಲು ಸಿಕ್ಕವು, ಎಳೆದರು. ಅವು ಎರಡು ಬೇರೆ ಬೇರೆ ಮರಿಗಳ ಕಾಲುಗಳಾಗಿದ್ದವು. ಜುಂಜಮ್ಮ ಓಡಿಬರುವಷ್ಟರಲ್ಲಿ ತಾಯಿ, ಮರಿ ಮೂರೂ ಹೋಗಿದ್ದವು.

"ಫೇಲಾದಾಗ ನಾನು ಅಳ್ಲಿಲ್ಲ. ಆವತ್ತು ಅತ್ಬಿಟ್ಟೆ ಸಾಮಿ. ಕಾಲು ಹಿಡ್ಕಂಡು ಭುಜದ ಗಂಟ ಹೋಗ್ಬೇಕು, ಎಲ್ಡೂ ಒಂದೇ ಎದೆಗೆ ಸೇರ್ತಾವಾ ನೋಡ್ಬೇಕು. ಇಷ್ಟು ಮಾತು ನನ್ನ ಬಾಯಿಗೆ ಬಂದಿದ್ದು ಅವು ಸತ್ತ ಮ್ಯಾಲೆ." ನೇತ್ರಾವತಿ ತಲೆ ತಗ್ಗಿಸಿ ಅದನ್ನು ಬರೆದುಕೊಳ್ಳುತ್ತಾರೆ.

ಹೊತ್ತು ಏರುತ್ತದೆ, ಕುರಿಗಳು ಹೊರಡುತ್ತವೆ. ಇನ್ನೇನು ಆಸೆ ಎಂದು ಕೇಳುತ್ತೇನೆ. ಕೇಳಬಾರದಿತ್ತೇನೋ. ಜುಂಜಮ್ಮ ನೇತ್ರಾವತಿಯ ಕೈಯಲ್ಲಿರುವ ಪುಸ್ತಕದ ಕಡೆ ನೋಡುತ್ತಾರೆ.

"ನೇತ್ರ ಕಾಗದದಾಗೆ ಪಾಸಾಗ್ಯಾಳೆ. ನಾನು ಸಾಯೋದ್ರಾಗೆ ಒಂದು ಸಲ ಕುರಿ ಹೊಟ್ಟ್ಯಾಗೂ ಪಾಸಾಗ್ಲಿ. ಎಷ್ಟು ಮರಿ ಸತ್ತು ಕಲೀತಾಳೋ, ಅದೇ ಭಯ."