ಸುಳ್ಳು ಹೇಳದ ವಾಲ್ವ್ ಟೆಸ್ಟರ್

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞನಾಗಿದ್ದೆ. ಊರು ಧಾರವಾಡ. ರಜೆ ಸಿಕ್ಕರೆ ನಾಸಿಕ್ ರೋಡಿಗೆ ಹೋಗಿ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ಕೂರುತ್ತಿದ್ದೆ. ಮಾಲೀಕರು ಕುಂದಾಪುರದ ಕಡೆಯವರು. ಹೋಟೆಲಿನ ಹಿಂದಿನ ಕೋಣೆಯಲ್ಲಿ ಅವರು ತಾವೇ ಬೆಸುಗೆ ಹಾಕಿ ಕಟ್ಟಿದ, ಗಾಜಿನ ಬಲ್ಬಿನಂಥ ವಾಲ್ವ್‌ಗಳ ಆಂಪ್ಲಿಫೈಯರ್ ಇತ್ತು; ಅದರ ಎಡಬಲಕ್ಕೆ ಎರಡು ಸ್ಪೀಕರ್ ಪೆಟ್ಟಿಗೆಗಳು. ಓಝರಿನ ನನ್ನ ಮನೆಯಲ್ಲಿ ನಾನೂ ಅಂಥದ್ದೊಂದನ್ನು ಕಟ್ಟಿದ್ದೆ. ನಮ್ಮ ಗೆಳೆತನ ಬೆಳೆದದ್ದೇ ಅದರಿಂದ. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಗ್ರಾಮಫೋನ್ ತಟ್ಟೆ ಹಾಕಿ ಇಬ್ಬರೂ ಸುಮ್ಮನೆ ಕೇಳುತ್ತಿದ್ದೆವು.

ಒಮ್ಮೆ ಅವರ ಆಂಪ್ಲಿಫೈಯರಿನಲ್ಲಿ ಗಾಯಕಿಯ ತಾರಸ್ವರ ಒಡೆದು ಕೇಳತೊಡಗಿತು. ಒಂದೊಂದೇ ವಾಲ್ವ್ ಕಿತ್ತು, ನನ್ನ ಮನೆಯದನ್ನು ಹಾಕಿ ನೋಡುತ್ತ, ಕಡೆಗೆ ತಪ್ಪಿತಸ್ಥ ವಾಲ್ವನ್ನು ಹಿಡಿದೆವು. ಅಷ್ಟರಲ್ಲಿ ವಾರಗಳೇ ಹೋಗಿದ್ದವು.

"ಹೀಗೆ ಕುರುಡಾಟ ಆಡಿದರೆ ಆಗ್ಲಿಕ್ಕಿಲ್ಲ ಮಾರಾಯ್ರೆ," ಎಂದರು ಮಾಲೀಕರು. "ವಾಲ್ವ್ ಅಳೆಯುವ ಒಂದು ಟೆಸ್ಟರ್ ಬೇಕು ನಮಗೆ."

ಆಗ ಎಲ್ಲೆಡೆ ಟ್ರಾನ್ಸಿಸ್ಟರ್ ಬರುತ್ತಿತ್ತು. ರೇಡಿಯೋ ರಿಪೇರಿಯವರು ವಾಲ್ವ್ ಕಾಲದ ಉಪಕರಣಗಳನ್ನು ಮಾರುತ್ತಿದ್ದರು. ಔರಂಗಾಬಾದಿನ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದ, ಒಂದು ಅಂಗಡಿಯಲ್ಲಿ ಹಳೆಯ ಟೆಸ್ಟರ್ ಇದೆ ಎಂದು ಗೊತ್ತಾಗಿ, ಒಂದು ಬೆಳಿಗ್ಗೆ ಯೇವಲೆ ಊರಿನ ಮೇಲೆ ಹೋಗುವ ಸರ್ಕಾರಿ ಎಸ್‌ಟಿ ಬಸ್ಸು ಹಿಡಿದೆವು.

ಅಂಗಡಿ ಗುಲ್‌ಮಂಡಿ ಪೇಟೆಯ ಒಂದು ಓಣಿಯಲ್ಲಿತ್ತು. ಒಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ರೇಡಿಯೋ ಬಿಚ್ಚಿಟ್ಟುಕೊಂಡು ಕೂತಿದ್ದರು. ಗಂಡ ತೀರಿಕೊಂಡ ಮೇಲೆ ಅಂಗಡಿ ನಡೆಸುತ್ತಿದ್ದವರು ಅವರೇ. ನಾವಿಬ್ಬರೂ ಕನ್ನಡದಲ್ಲಿ ಮಾತಾಡಿಕೊಂಡದ್ದು ಕೇಳಿ ತಲೆ ಎತ್ತಿದರು.

"ಬರ್ರಿ, ಕುಂದರ್ರಿ. ನಮ್ಮ ತವರುಮನಿ ಕಲಬುರ್ಗಿನೇ ಅದ."

ನಿಜಾಮರ ಕಾಲದಲ್ಲಿ ಎರಡೂ ಊರು ಒಂದೇ ರಾಜ್ಯದಲ್ಲಿದ್ದವು; ಆಗ ಮದುವೆಯಾಗಿ ಬಂದವರಂತೆ.

ಮಾರಾಟಕ್ಕಿದ್ದ ಟೆಸ್ಟರನ್ನು ಮೇಜಿನ ಮೇಲಿಟ್ಟರು. ಸೂಟ್‌ಕೇಸಿನಂಥ ಮುಚ್ಚಳ, ಹೊಳೆಯುವ ಗುಂಡಿಗಳು, ಹಸಿರು ಕೆಂಪು ಬಣ್ಣದ ದೊಡ್ಡ ಮೀಟರು. ನನಗೆ ನೋಡಿದ ಕೂಡಲೇ ಮನಸ್ಸಿಗೆ ಬಂತು. ಮಾಲೀಕರು ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಎರಡು ವಾಲ್ವ್ ತೆಗೆದರು. ಒಂದು ಒಳ್ಳೆಯದು, ಇನ್ನೊಂದು ಹಾಡು ಕೆಡಿಸಿದ್ದು. ಎರಡಕ್ಕೂ ಮುಳ್ಳು ಹಸಿರಿಗೇ ಹೋಗಿ ನಿಂತಿತು.

ನಾವು ಮುಖ ಮುಖ ನೋಡಿಕೊಂಡೆವು. ಆಕೆ ತಮ್ಮ ಮೇಜಿನ ಕೆಳಗಿದ್ದ ಬೂದುಬಣ್ಣದ ಕಬ್ಬಿಣದ ಪೆಟ್ಟಿಗೆಯನ್ನು ಎಳೆದರು. ಬಣ್ಣ ಎದ್ದುಹೋಗಿತ್ತು, ಭಾರ ಬೇರೆ. ಅದರಲ್ಲಿ ವಾಲ್ವ್ ಚುಚ್ಚಿ, ಬಿಸಿಯಾಗುವ ತನಕ ಕಾದು, ಗುಂಡಿ ಒತ್ತಿದರು. ಒಳ್ಳೆಯ ವಾಲ್ವಿಗೆ ಮುಳ್ಳು ಮೇಲೇರಿತು. ಕೆಟ್ಟದ್ದಕ್ಕೆ ಅರ್ಧಕ್ಕೂ ಬರಲಿಲ್ಲ.

"ಆ ಚಂದಂದು ವಾಲ್ವಿಗೆ ಜೀವ ಅದ ಏನಿಲ್ಲ ಅಂತ ಅಷ್ಟೇ ನೋಡ್ತದ," ಎಂದರು. "ಇದು ಸಣ್ಣ ಸಿಗ್ನಲ್ ಕೊಟ್ಟು ವಾಲ್ವ್ ಅದನ್ನ ಎಷ್ಟು ದೊಡ್ಡದು ಮಾಡ್ತದ ಅಂತ ಅಳೀತದ. ರೇಡಿಯೋದಾಗ ಸುದ್ದಿ-ಬಾತ್ಮಿ ಕೇಳೋರಿಗೆ ಅದು ಸಾಕು. ಹಾಡು ಕೇಳೋರಿಗೆ ಸಾಲಂಗಿಲ್ಲ."

"ಹಂಗಾರ ಇದನ್ನ ಕೊಡ್ರಿ ಅಕ್ಕಾರ," ಎಂದೆ ನಾನು.

"ಇದು ಮಾರೂದಲ್ರಿ. ವಾಲ್ವ್ ರೇಡಿಯೋ ಇಟ್ಕೊಂಡ ಹಳೇ ಗಿರಾಕಿಗೋಳು ಇನ್ನೂ ಅದಾರ. ಅವರ ಕೆಲಸ ಇದರ ಮ್ಯಾಲೇ ನಡೀತದ."

ಮಾರಬೇಕಾದ ವಸ್ತುವಿನ ಕೊರತೆಯನ್ನು ತಾವೇ ತೋರಿಸಿ, ಬಂದ ವ್ಯಾಪಾರವನ್ನು ಕೈಯಾರೆ ಕಳೆದುಕೊಂಡಿದ್ದರು. ನನಗೆ ನಿರಾಸೆಯಾಗಿತ್ತು, ಆದರೆ ಆಕೆಯ ಮೇಲೆ ಹುಟ್ಟಿದ ಗೌರವ ಅದಕ್ಕಿಂತ ಹೆಚ್ಚಿತ್ತು. ಮಾಲೀಕರು ಕೈಮುಗಿದು, "ನಾಸಿಕ್ ಕಡೆ ಬಂದರೆ ನಮ್ಮ ಹೋಟೆಲಿಗೆ ಬನ್ನಿ ಅಕ್ಕ, ನಾಸಿಕ್ ರೋಡ್ ಸ್ಟೇಷನ್ ಎದುರೇ ಉಂಟು," ಎಂದರು. ಬರಿಗೈಯಲ್ಲಿ ಮರಳಿದೆವು.

ಮುಂದಿನ ಚಳಿಗಾಲದ ಒಂದು ಮಧ್ಯಾಹ್ನ ನಾನು ಹೋಟೆಲಿನಲ್ಲಿದ್ದೆ. ಸ್ಟೇಷನ್ ಕಡೆಯಿಂದ ಹಮಾಲನೊಬ್ಬ ತಲೆಯ ಮೇಲೆ ಕಂಬಳಿ ಸುತ್ತಿದ ಪೆಟ್ಟಿಗೆ ಹೊತ್ತು ಬಂದ. ಹಿಂದೆ ಅದೇ ಹೆಂಗಸು. ತಂಗಿಯ ಮಗಳ ಬಾಣಂತನಕ್ಕೆ ನಾಸಿಕ್‌ಗೆ ಬಂದಿದ್ದರಂತೆ. ಕಂಬಳಿ ಬಿಚ್ಚಿದರೆ ಒಳಗೆ ಅದೇ ಬೂದುಬಣ್ಣದ ಟೆಸ್ಟರ್.

"ಗಿರಾಕಿಗೋಳು ಎಲ್ಲಾರೂ ಟ್ರಾನ್ಸಿಸ್ಟರ್ ತಗೊಂಡ್ರು," ಎಂದರು ಕೂರುತ್ತ. "ಇದಕ್ಕ ಕೆಲಸ ಇಲ್ದಂಗಾತು. ಗುಜರಿಯವ ಕೇಳಿದ್ದ. ಕೊಡಾಕ ಮನಸ್ಸಾಗಲಿಲ್ಲ. ಮೊದಲು ನಿಮ್ಮ ಆಂಪ್ಲಿಫೈಯರ್ ಕೇಳಸ್ರಿ."

ಮಾಲೀಕರು ತಟ್ಟೆ ಹಾಕಿದರು. ಆಕೆ ಸೆರಗು ಹೊದ್ದು, ಕಣ್ಣುಮುಚ್ಚಿ, ಹಾಡು ಮುಗಿಯುವ ತನಕ ಅಲುಗಾಡಲಿಲ್ಲ. ಎದುರಿಗಿಟ್ಟ ಕಾಫಿ ಆರಿತು. ಮುಗಿದ ಮೇಲೆ, "ಎಡಗಡೆ ಸ್ವಲ್ಪ ಕಮ್ಮಿ ಕೇಳ್ತದ," ಎಂದರು. ನಾವಿಬ್ಬರೂ ಅದನ್ನು ಗಮನಿಸಿರಲಿಲ್ಲ. ಮೂವರೂ ಕೂತು ಪ್ರತಿಯೊಂದು ವಾಲ್ವನ್ನೂ ಅಳೆದು, ಸಮಬಲದವನ್ನು ಜೋಡಿ ಮಾಡಿ ಹಾಕಿದೆವು. ಮತ್ತೆ ಅದೇ ತಟ್ಟೆ ತಿರುಗಿದಾಗ ಗಾಯಕಿ ಎರಡು ಸ್ಪೀಕರ್‌ಗಳ ನಟ್ಟನಡುವೆ ಬಂದು ಕೂತು ಹಾಡಿದಂತಿತ್ತು.

ಆಕೆ ಅದನ್ನು ನಮಗೇ ಬಿಟ್ಟುಕೊಟ್ಟರು; ಟೆಸ್ಟರ್ ಹೋಟೆಲಿನಲ್ಲೇ ಉಳಿಯಿತು. ವಾಲ್ವ್ ತಂದವರು ಯಾರೇ ಇರಲಿ, ಮಾಲೀಕರು ಅಳೆದು ಕೊಡುತ್ತಿದ್ದರು, ಕಾಫಿಯನ್ನೂ ಕುಡಿಸುತ್ತಿದ್ದರು. ಆಕೆ ನಾಸಿಕ್‌ಗೆ ಬಂದಾಗಲೆಲ್ಲ ಹಿಂದಿನ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು, ತಮಗೆ ಬೇಕಾದ ತಟ್ಟೆಯನ್ನು ತಾವೇ ಆರಿಸುತ್ತಿದ್ದರು.