ಕಟ್ಟೆಯ ಮೇಲಿನ ಕತ್ತರಿ

ಮಹಡಿ ಅಕ್ಕನ ಎರಡೂ ಮುಂಗೈಗಳ ಮೇಲೆ ಬೆಕ್ಕು ಪರಚಿದಂಥ ಗೀರುಗಳಿರುತ್ತಿದ್ದವು. ಹಳೆಯವು ಬಿಳಿಚಿಕೊಂಡಿದ್ದವು, ಹೊಸವು ಕೆಂಪಗಿದ್ದವು. ಶಿಕಾರಿಪುರದ ಆ ಮನೆಯ ಕೆಳಭಾಗಕ್ಕೆ ನಾವು ಬಾಡಿಗೆಗೆ ಬಂದ ದಿನ, ಕೀಲಿ ಕೊಡಲು ಚಾಚಿದ ಅವರ ಕೈ ನೋಡಿ, "ಬೆಕ್ಕು ಸಾಕಿದೀರೇನ್ರೀ?" ಎಂದು ಕೇಳಿದ್ದೆ.

"ಹೂಂ, ಒಂದು ಹಿಂಡೇ ಸಾಕೀನಿ. ಮೇಲೆ ಬಾ, ತೋರಿಸ್ತೀನಿ" ಅಂದರು.

ಮೇಲೆ ಬೆಕ್ಕಿರಲಿಲ್ಲ. ಅವರೊಬ್ಬರೇ ಇದ್ದ ಕೋಣೆಯ ಮುಂದಿನ ತಾರಸಿಯ ತುಂಬ ಪೇಂಟಿನ ಬಕೆಟ್ಟು, ಎಣ್ಣೆ ಡಬ್ಬ, ಹಿಡಿ ಮುರಿದ ಕುಕ್ಕರು. ಎಲ್ಲದರಲ್ಲೂ ಮೊಣಕಾಲೆತ್ತರ ದಾಟದ ಗುಲಾಬಿ ಗಿಡ, ಅಂಗಿ ಗುಂಡಿಗಿಂತ ಸ್ವಲ್ಪ ದೊಡ್ಡದಾದ ಬಿಳಿ ಹೂವಿನ ಗೊಂಚಲುಗಳು. ಪೇಟೆಯಲ್ಲಿ ಬಟನ್ ರೋಸ್ ಅನ್ನುತ್ತಾರಲ್ಲ, ಆ ಜಾತಿ.

ಅವುಗಳ ವಿಷಯದಲ್ಲಿ ಅಕ್ಕ ಬಲು ಕಟ್ಟುನಿಟ್ಟು. ಬಕೆಟ್ಟಿನ ತಳಕ್ಕೆ ಕಾದ ಸರಳಿನಿಂದ ತೂತು ಮಾಡದೆ ಮಣ್ಣು ತುಂಬುವಂತಿರಲಿಲ್ಲ. ಸಂಜೆ ಎಲೆ ಮೇಲೆ ನೀರು ಬೀಳುವಂತಿರಲಿಲ್ಲ. ಗೊಬ್ಬರಕ್ಕೆ ತೊಗರ್ಸಿ ಕಡೆಯ ಕುರಿಯವರಿಗೆ ಹೇಳಿಟ್ಟಿದ್ದರು. ಚೀಲದಿಂದ ನಾನು ಹಿಡಿ ತುಂಬ ತೆಗೆದರೆ ಅರ್ಧ ವಾಪಸ್ಸು ಹಾಕಿಸುತ್ತಿದ್ದರು. "ಬಕೆಟ್ಟಿನ ಗಿಡದ ಹೊಟ್ಟೆ ಸಣ್ಣದು ಕಣೇ. ಗದ್ದೆಗೆ ಸುರಿದಂಗೆ ಸುರೀಬೇಡ."

ಆದರೆ ಗಿಡ ಕೇಳಿದವರಿಗೆ ಅವರು ಕೈಯಾರೆ ಕೊಟ್ಟಿದ್ದು ನಾನು ಕಾಣೆ. ಕೇಳಿ ತಂದ ಗಿಡ ಹಿಡಿಯುವುದಿಲ್ಲ, ಕದ್ದು ತಂದದ್ದೇ ಹಿಡಿಯುತ್ತದೆ ಎಂದು ನಮ್ಮಲ್ಲಿ ನಂಬುತ್ತಾರೆ. ಓಣಿಯ ಹೆಂಗಸರು ಮೆಟ್ಟಿಲು ಹತ್ತಿ ಬಂದರೆ ಅಕ್ಕ ತಾರಸಿಯ ಕಟ್ಟೆಯ ಮೇಲೆ ಕತ್ತರಿ ಇಟ್ಟು, "ನನಗೆ ಒಲೆ ಮೇಲೆ ಹಾಲಿದೆ. ಯಾರಾದ್ರೂ ಕದಿಯೋಕೆ ಬಂದಾರು, ನೋಡ್ಕೊಳ್ರಿ" ಎಂದು ಒಳಗೆ ಹೋಗುತ್ತಿದ್ದರು. ಅವರ ಮನೆಯಲ್ಲಿ ಹಾಲು ಹೊತ್ತಲ್ಲದ ಹೊತ್ತಿನಲ್ಲೆಲ್ಲ ಕಾಯುತ್ತಿತ್ತು.

ಇದನ್ನು ಕಲಿಸಿದ್ದು ಅವರ ಅವ್ವನಂತೆ. ಆಕೆ ಚಂದ್ರಗುತ್ತಿಯಲ್ಲಿ ಯಾರದೋ ಅಂಗಳದಿಂದ ಈ ಬಿಳಿ ಗುಲಾಬಿಯ ಕಡ್ಡಿ ಕದ್ದು ತಂದು ಸೊರಬದ ಮನೆಯಲ್ಲಿ ನೆಟ್ಟಿದ್ದರು. ಆ ಮನೆಯಲ್ಲಿ ಈಗ ಅಕ್ಕನ ತಂಗಿಯ ಸಂಸಾರ. ಅಕ್ಕ ಅಲ್ಲಿಗೆ ಹೋಗುತ್ತಿರಲಿಲ್ಲ, ತಂಗಿ ಇಲ್ಲಿಗೆ ಬರುತ್ತಿರಲಿಲ್ಲ. ಅವ್ವ ಸತ್ತಾಗ ತಂಗಿ ಫೋನು ಮಾಡಿದ್ದು ತಡವಾಗಿ. ಅಕ್ಕ ಹೋಗುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. "ಮುಖ ತೋರಿಸಲಿಲ್ಲ" ಎಂದಷ್ಟೇ ಒಮ್ಮೆ ನನಗೆ ಹೇಳಿದ್ದರು. ಅಂದಿನಿಂದ ಮಾತಿಲ್ಲ.

ಒಂದು ದೀಪಾವಳಿ ಕಳೆದ ಮೇಲೆ ಕುಕ್ಕರಿನ ಗಿಡದ ತುದಿ ಕಪ್ಪಾಯಿತು. ಅಕ್ಕ ಹಸಿರು ಕಾಣುವವರೆಗೆ ಕತ್ತರಿಸಿದರು. ಮರುದಿನ ಕಪ್ಪು ಇನ್ನಷ್ಟು ಕೆಳಗಿಳಿದಿತ್ತು. ಆಮೇಲೆ ಪಕ್ಕದ ಬಕೆಟ್ಟು, ಅದರಾಚೆಯ ಡಬ್ಬ. ದಿನಾ ಬೆಳಗ್ಗೆ ಬರಿಗಾಲಲ್ಲಿ ತಾರಸಿಗೆ ಹೋಗಿ, ನನ್ನನ್ನು ಕರೆಯದೆ ಒಂದೊಂದೇ ಗಿಡ ನೋಡುತ್ತಿದ್ದರು. ಓಣಿಯ ಮನೆಗಳಿಂದಲೂ ಅದೇ ಸುದ್ದಿ. ಅಕ್ಕನಲ್ಲಿ ಕದ್ದ ಗಿಡಗಳೆಲ್ಲ ಒಣಗುತ್ತಿದ್ದವು.

ಕೊನೆಗೆ ಒಂದು ದಿನ ಮೆಟ್ಟಿಲ ಮೇಲೆ ಕೂತು ಕತ್ತರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದೇ ಕಣೇ. ಒಣಗಿದ್ದಕ್ಕೂ ಇದೇ, ಹಸಿರಿಗೂ ಇದೇ. ಒರೆಸಿದ್ದು ಯಾರು? ರೋಗಾನ ಎಲ್ಲರ ಮನೆಗೂ ನಾನೇ ಕಟ್ಟೆ ಮೇಲಿಟ್ಟು ಕೊಟ್ಟೆ."

ಅವ್ವನ ಗಿಡದ ಸಂತಾನ ಇನ್ನು ಉಳಿದದ್ದು ಒಂದೇ ಕಡೆ.

ಸೊರಬಕ್ಕೆ ಹೊರಟಾಗ ನನ್ನನ್ನೂ ಕರೆದೊಯ್ದರು. ಆ ಮನೆಯ ಹತ್ತಿರ ಬರುತ್ತಲೇ ಸೆರಗು ತಲೆ ಮೇಲೆ ಹೊದ್ದು, "ಯಾರಾದ್ರೂ ಬಂದ್ರೆ ಕೆಮ್ಮು" ಅಂದರು. ಗಿಡ್ಡ ಗೋಡೆಯ ಆಚೆ, ಬಿರುಕು ಬಿಟ್ಟ ಸಿಮೆಂಟು ತೊಟ್ಟಿಯಲ್ಲಿ ಗಿಡ ಹೂ ತುಂಬಿಕೊಂಡು ನಿಂತಿತ್ತು. ಅಕ್ಕ ಬ್ಲೇಡು ಹಿಡಿದು ಗೋಡೆಯ ಮೇಲೆ ಬಗ್ಗಿದರು.

ಬಾಗಿಲು ತೆರೆಯಿತು. ನನಗೆ ಕೆಮ್ಮಲು ಆಗಲಿಲ್ಲ.

ಒದ್ದೆ ಕೈಯ ಹೆಂಗಸೊಬ್ಬರು ಹೊಸ್ತಿಲಲ್ಲಿ ನಿಂತಿದ್ದರು. ಅಕ್ಕನದೇ ಮೂಗು, ಅಕ್ಕನದೇ ಗಲ್ಲ. ಇಬ್ಬರೂ ಅಲ್ಲಾಡಲಿಲ್ಲ. ಈಗ ಬೈಗುಳ ಬರುತ್ತದೆ, ಓಣಿ ಸೇರುತ್ತದೆ ಎಂದು ನಾನು ಕಾದೆ. ಆಕೆ ಒಳಗೆ ಹೋದರು. ಒಂದು ಚಾಕು ಹಿಡಿದು ಬಂದು, ನಮ್ಮ ಕಡೆ ನೋಡದೆ ಅದನ್ನು ಗೋಡೆಯ ಮೇಲಿಟ್ಟರು. "ಒಲೆ ಮೇಲೆ ಹಾಲಿದೆ" ಎಂದು ಗಾಳಿಗೆ ಹೇಳಿದಂತೆ ಹೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಅಕ್ಕ ಶಿರಾಳಕೊಪ್ಪ ದಾಟುವವರೆಗೂ ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ, "ಚಾಕು ಅವ್ವಂದು. ಹಿಡಿ ಸುಟ್ಟಿದೆ, ನೋಡಿದ್ಯಾ?" ಅಂದರು.

"ಮಾತಾಡಿಸಬಹುದಿತ್ತಲ್ಲ ಅಕ್ಕ."

"ಚಾಕು ಇಟ್ಟಳು. ಬಾ ಅಂದಳೇನು?"

ಆ ಕಡ್ಡಿಗಳು ಹಿಡಿದವು. ತಾರಸಿ ಮತ್ತೆ ಬೆಳ್ಳಗಾಯಿತು. ಕತ್ತರಿ ಮತ್ತೆ ಕಟ್ಟೆಗೆ ಬಂತು. ಆದರೆ ಈಗ ಪ್ರತಿ ಸಲವೂ ಒಲೆಯ ಉರಿಗೆ ಹಿಡಿದು ಕಾಯಿಸಿದ ಮೇಲೆಯೇ.

ಹೋದ ವರ್ಷ ಅಕ್ಕ ಮಲಗಿದರು. ಶಿವಮೊಗ್ಗದ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದರು. ತಾರಸಿ ಕಾಣುವಂತೆ ಮಂಚವನ್ನು ಬಾಗಿಲ ಹತ್ತಿರ ಎಳೆದೆವು. ಅವರು ಹೇಳಿದ ಮೊದಲ ಮಾತು: "ಸೊರಬಕ್ಕೆ ಯಾರೂ ಫೋನ್ ಮಾಡಬಾರದು. ನನಗೂ ಯಾರೂ ಮುಖ ತೋರಿಸಲಿಲ್ಲ."

ಹೂಂ ಅಂದೆ. ಒಂದು ಬೆಳಗ್ಗೆ ಅವರ ಉಸಿರಿನ ಸದ್ದು ಬೇರೆಯಾಯಿತು. ಕೆಳಗೆ ಹೋಗಿ ಸೊರಬಕ್ಕೆ ಫೋನು ಮಾಡಿದೆ. "ಬಸ್ಸು ನೋಡ್ತೀನಿ" ಎಂದು ತಂಗಿ ಫೋನು ಇಟ್ಟರು.

ಅಂದು ಮಧ್ಯಾಹ್ನದವರೆಗೆ ನಾನು ಮೆಟ್ಟಿಲು ಹತ್ತಿದೆ, ಇಳಿದೆ. ಮೇಲಿದ್ದಾಗ ಬಸ್ಸಿನ ಚಿಂತೆ, ಕೆಳಗಿದ್ದಾಗ ಉಸಿರಿನ ಚಿಂತೆ.

"ಯಾರಿಗೆ ಕಾಯ್ತಾ ಇದೀಯೇ?"

"ಗ್ಯಾಸಿನವನಿಗೆ."

"ಗ್ಯಾಸು ಮೊನ್ನೆ ಬಂತಲ್ಲ" ಅಂದರು. ನನ್ನನ್ನೇ ನೋಡಿದರು. ಮುಂದೆ ಏನೂ ಕೇಳದೆ ಗೋಡೆಯ ಕಡೆ ಹೊರಳಿದರು.

ತಂಗಿ ಬಂದದ್ದು ಬಿಸಿಲು ಇಳಿಯುವಾಗ. ಮೆಟ್ಟಿಲ ಬುಡದಲ್ಲೇ ನನ್ನ ತೋಳು ಹಿಡಿದು, "ಇದಾಳಾ?" ಅಂದರು.

"ಇದಾರೆ."

ಮೆಟ್ಟಿಲು ಹತ್ತಿ ಬಂದು ಹೊಸ್ತಿಲಲ್ಲಿ ನಿಂತರು. ಅಕ್ಕ ತಿರುಗಲಿಲ್ಲ. ಅವರ ಬೆನ್ನು ಮಾತ್ರ ಏರಿ ಇಳಿಯುತ್ತಿತ್ತು. ಆಮೇಲೆ ಗೋಡೆಯ ಕಡೆಯಿಂದ ದನಿ ಬಂತು.

"ಕತ್ತರಿ ಕಾಯಿಸಿ ಕಟ್ಟೆ ಮೇಲಿಡೇ."

ಕಾಯಿಸಿ ಇಟ್ಟೆ. ತಂಗಿ ಬಕೆಟ್ಟುಗಳ ಮುಂದೆ ನಿಂತು ನನಗಷ್ಟೇ ಕೇಳುವಂತೆ, "ನಮ್ಮಲ್ಲಿ ಈಗ ಇಲ್ಲ ಮಾರಾಯ್ತಿ. ಅಂಗಳಕ್ಕೆ ಸಿಮೆಂಟು ಹಾಕ್ಸುವಾಗ ತೊಟ್ಟಿ ಒಡೆದು ಹಾಕಿದ್ರು" ಅಂದರು. ಕತ್ತರಿಯ ಸದ್ದಾಯಿತು.

"ಓರೆಯಾಗಿ ಕತ್ತರಿಸು ಅಂತ ಹೇಳೇ ಅವಳಿಗೆ."

ನಾನು ಬಾಯಿ ತೆರೆಯುವ ಮೊದಲೇ ತಾರಸಿಯಿಂದ ಉತ್ತರ ಬಂತು. "ಗೊತ್ತಿದೆ ಅಂತ ಹೇಳವ್ವ. ಅವ್ವ ಇಬ್ರಿಗೂ ಕಲಿಸಿದ್ಲು."

"ಕಲಿಸಿದ್ಲು. ಇವಳು ತಲೆಕೆಳಗಾಗಿ ನೆಟ್ಟಿದ್ಲು."

"ಆಗ ನಾನು ಎರಡನೇ ಕ್ಲಾಸು ಕಣೇ."

ಆ ಕೊನೆಯ ಮಾತನ್ನು ನನಗೆ ಹೇಳಿದ್ದಲ್ಲ. ಅಕ್ಕನ ಬೆನ್ನು ಅಲುಗಿತು. ನಕ್ಕರೋ ಅತ್ತರೋ ನನಗೆ ಗೊತ್ತಾಗಲಿಲ್ಲ. ತಂಗಿ ಕಡ್ಡಿಗಳನ್ನು ಹಿಡಿದುಕೊಂಡೇ ಬಂದು ಮಂಚದ ಅಂಚಿಗೆ ಕೂತರು.

"ಬಸ್ಸಿಗೆ ಹೊತ್ತಾಯ್ತಲ್ಲ" ಅಂದರು ಅಕ್ಕ, ಗೋಡೆಗೇ.

"ನಾಳೆ ಹೋಗ್ತೀನಿ."

ಮರುದಿನವೂ ಹೋಗಲಿಲ್ಲ. ಚೊಂಬಿನ ನೀರಲ್ಲಿ ಕಡ್ಡಿಗಳು ನಿಂತಿದ್ದವು. ಅಕ್ಕ ಯಾವಾಗ ಈ ಕಡೆ ಹೊರಳಿದರೋ ನಾನು ನೋಡಲಿಲ್ಲ. ನಾನು ಗಂಜಿ ತಂದಾಗ ಅವರ ಗೀರು ಬಿದ್ದ ಮುಂಗೈ ತಂಗಿಯ ತೊಡೆಯ ಮೇಲಿತ್ತು. ಕೊನೆಗೆ ಬಾಯಿಗೆ ನೀರು ಬಿಟ್ಟದ್ದೂ ತಂಗಿಯೇ.

ತಿಥಿ ಮುಗಿದು ಎಷ್ಟೋ ದಿನಗಳಾದ ಮೇಲೆ ಸೊರಬದಿಂದ ಫೋನು ಬಂತು. "ಚಿಗುರಿದೆ" ಅಂದರು ಅಕ್ಕನ ತಂಗಿ.

ಈಗ ತಾರಸಿಗೆ ನೀರು ಹಾಕುವವಳು ನಾನು. ನನ್ನ ಮುಂಗೈ ಮೇಲೂ ಗೀರುಗಳು ಬಿದ್ದಿವೆ. ಮೆಟ್ಟಿಲಲ್ಲಿ ಯಾರದಾದರೂ ಹೆಜ್ಜೆ ಕೇಳಿದರೆ ಕತ್ತರಿ ಕಾಯಿಸಿ ಕಟ್ಟೆಯ ಮೇಲಿಡುತ್ತೇನೆ, ಹಾಲಿನ ನೆಪ ಹೇಳಿ ಒಳಗೆ ಬರುತ್ತೇನೆ. ಅಕ್ಕನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತು, ಕತ್ತರಿಯ ಸದ್ದಾಗುವವರೆಗೆ ಕಾಯುತ್ತೇನೆ.